ಕೊಟ್ಟು ಬಾ

ನುಂಗಂಬಾಕ್ಕಂನ ಅಂಗಡಿಯಲ್ಲಿ ಉಪ್ಪುನೀರಿನ ಮಾವಿನಕಾಯಿ ವಾಸನೆ ಬಂದರೆ ಈಗಲೂ ಬೇಗ ಹೊರಗೆ ಬರುತ್ತೇನೆ.

ನನಗಾಗ ಏಳು ವರ್ಷ. ಚಿಕ್ಕಮ್ಮ ಅಜ್ಜಿಯೊಡನೆ ಜಗಳವಾಡಿ ಕೆಳಮನೆಯಲ್ಲಿ ಬೇರೆ ಒಲೆ ಹೂಡಿದ್ದರು, ಮಾತಿರಲಿಲ್ಲ. ಅವರು ಬಸುರಿಯೆಂದು ತಿಳಿದ ಮಧ್ಯಾಹ್ನ ಅಜ್ಜಿ ಉಪ್ಪುನೀರಿನ ಭರಣಿ ಹೊರತೆಗೆದರು. ಮಾವಿನಕಾಯಿ ಸುಕ್ಕಾಗಿತ್ತು, ಮೇಲೆ ಬಿಳಿ ಪೊರೆ ಕಟ್ಟಿತ್ತು.

"ಕೆಳಗಡೆ ಕೊಟ್ಟು ಬಾರೇ," ಎಂದರು.

ತಮಿಳು ಶಾಲೆಗೆ ಹೋಗುತ್ತಿದ್ದ ನನ್ನ ಕಿವಿಗೆ 'ಕೊಟ್ಟು' ಎಂದರೆ 'ಸುರಿ'. ಪೊರೆ ನೋಡಿ, ಕೆಟ್ಟಿದೆಯೆಂದುಕೊಂಡು ಕೆಳಗಿನ ಮೋರಿಗೆ ಸುರಿದೆ. ಮೋರಿ ಇದ್ದದ್ದು ಚಿಕ್ಕಮ್ಮನ ಬಾಗಿಲ ಮುಂದೆ.

ಅವರು ಹೊರಬಂದರು. "ಹೊಟ್ಟೇಲಿ ಕೂಸಿಟ್ಕೊಂಡೋಳ ಬಾಗ್ಲಿಗೇ ಸುರಿ ಅಂದ್ರಾ ನಿಮ್ಮಜ್ಜಿ?"

"ಆಮಾ ಚಿತ್ತಿ, ಅಜ್ಜಿನೇ ಹೇಳಿದ್ರು," ಎಂದು ಹೌದೆಂಬಂತೆ ತಲೆಯಾಡಿಸಿದೆ. ಚಿಕ್ಕಮ್ಮ ಬಾಗಿಲು ಹಾಕಿಕೊಂಡರು.

ಖಾಲಿ ಭರಣಿ ಹಿಡಿದು ಮೇಲೆ ಬಂದೆ. ನಮ್ಮವರು ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಅಜ್ಜಿ ಭರಣಿಯೊಳಗೆ ಕೈಯಾಡಿಸಿ ನೋಡಿದರು.

"ಒಂದು ಚಿಟಿಕೆ ಸಕ್ಕರೇನೂ ಹಾಕ್ಲಿಲ್ವಾ? ಏನಾದ್ರೂ ಅಂದ್ಲಾ?"

ಏನೋ ತಪ್ಪಾಗಿದೆಯೆಂದು ಆಗ ಹೊಳೆಯಿತು. ಬೈಗುಳಕ್ಕೆ ಹೆದರಿ, "ಏನೂ ಅನ್ಲಿಲ್ಲ," ಎಂದೆ.

ಅಜ್ಜಿ ಭರಣಿ ತೊಳೆದು ಬೋರಲು ಹಾಕಿದರು.

ಮಗುವಿನ ನಾಮಕರಣಕ್ಕೆ ಚಿಕ್ಕಮ್ಮ ಕರೆಯಲಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿದು ಅಜ್ಜಿಯೂ ಹೋಗಲಿಲ್ಲ. ನಡೆದದ್ದನ್ನು ನಾನು ಇಬ್ಬರಿಗೂ ಹೇಳಲಿಲ್ಲ.