ಚಳಿಗೆ ಮಲಗಿದವು

ಮಹಡಿಯ ಕೋಣೆಯ ಕಿಟಕಿ ಒರೆಸುತ್ತಿದ್ದ ಅತ್ತಿಗೆಯ ಕೈ ತಟ್ಟನೆ ನಿಂತಿತು. ಚೌಕಟ್ಟಿನ ಸಂದಿಯಲ್ಲಿ ಗುಲಗಂಜಿಯಂಥ ಕೆಂಪು ಹುಳಗಳು, ಬೆನ್ನ ಮೇಲೆ ಕಪ್ಪು ಚುಕ್ಕೆ, ಒಂದಕ್ಕೊಂದು ಒತ್ತಿಕೊಂಡು ಅಲುಗಾಡದೆ ಕುಳಿತಿದ್ದವು. ಹೊರಗೆ ಮೈ ಕೊರೆಯುವ ಚಳಿ.

"ಪಾಪ, ಮರಗಟ್ಟಿ ಹೋಗಿವೆ" ಎನ್ನುತ್ತಾ ಬೆರಳಿಗೆ ಸಿಕ್ಕಷ್ಟನ್ನು ಬಟ್ಟಲಿಗೆ ಉದುರಿಸಿಕೊಂಡಳು. ಗೋಡೆಗೆ ಮುಖ ಮಾಡಿ ಮಲಗಿದ್ದ ನಾದಿನಿಗೂ ಅದೇ ಉಸಿರಿನಲ್ಲಿ ಹೇಳಿದಳು: "ನೀನೂ ಏಳಮ್ಮ. ನಾಡಿದ್ದು ನನ್ನ ಗೆಳತೀರು ಬರ್ತಾರೆ. ನಾಲ್ಕು ಜನರ ಜೊತೆ ಕೂತ್ರೆ ಮನಸ್ಸು ಹಗುರ ಆಗತ್ತೆ."

ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಿದ್ದ ನಾದಿನಿ ಮಾತೇ ಬಿಟ್ಟಿದ್ದಳು. ಆ ಕೊರತೆಯನ್ನೂ ಅತ್ತಿಗೆಯೇ ತುಂಬುತ್ತಿದ್ದಳು. ದಿನಾ ಎಬ್ಬಿಸಿ, ಕೆಳಗಿಳಿಸಿ, ಬಂದವರ ಮುಂದೆ ಕೂರಿಸುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಕೈ ಕಟ್ಟಿ ಕೂರುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ.

ಒಲೆಯ ಪಕ್ಕದ ಬಟ್ಟಲಿನಲ್ಲಿ ಹುಳಗಳು ಮೆಲ್ಲಗೆ ಕಾಲಾಡಿಸಿದವು, ಆಮೇಲೆ ಹಾರಿ ದೀಪಕ್ಕೆ ಸುತ್ತು ಹಾಕಿದವು. ಅತ್ತಿಗೆಗೆ ಹಿಗ್ಗೋ ಹಿಗ್ಗು. ಗೆಳತಿಯರು ಬರುವ ದಿನ ಬೆಳಿಗ್ಗೆ ನೋಡಿದರೆ ಎಲ್ಲವೂ ನೆಲದ ಮೇಲೆ ಅಂಗಾತ ಬಿದ್ದಿದ್ದವು. ಆಕೆ ಪೊರಕೆ ಹಿಡಿದು ನಿಂತಿರುವಾಗಲೇ ನಾದಿನಿ ಚೀಲ ಹಿಡಿದು ಇಳಿದು ಬಂದಳು.

"ಬೇರೆ ಎಲ್ಲಾದ್ರೂ ಕೋಣೆ ನೋಡ್ಕೋತೀನಿ ಅತ್ತಿಗೆ."

"ನಾನೇನು ಕಡಿಮೆ ಮಾಡ್ದೆ ನಿಂಗೆ?" ಎಂದು ಕೇಳಿದಳು ಅತ್ತಿಗೆ.

ನಾದಿನಿ ಬಗ್ಗಿ ಒಂದು ಹುಳವನ್ನು ಅಂಗೈಗೆ ತೆಗೆದುಕೊಂಡಳು. "ಇವು ಮರಗಟ್ಟಿರಲಿಲ್ಲ. ಮಲಗಿದ್ವು. ನಮ್ಮೋರ ಸಸಿಮನೆ ಕಿಟಕೀಲೂ ಹೀಗೇ ಇರ್ತಿದ್ವು, ಒರೆಸೋಕೇ ಬಿಡ್ತಿರ್ಲಿಲ್ಲ ಅವರು. ಮೈಯಲ್ಲಿ ಕೂಡಿಟ್ಟಿರೋ ಕೊಬ್ಬಲ್ಲೇ ಚಳಿಗಾಲ ತಳ್ಳಬೇಕಂತೆ. ಬೆಚ್ಚಗಾದ್ರೆ ಎದ್ದುಬಿಡ್ತಾವೆ. ಎದ್ದು ಓಡಾಡಿದ್ರೆ ಇರೋದೂ ಕರಗತ್ತೆ. ಈ ಕಾಲದಲ್ಲಿ ತಿನ್ನೋಕೆ ಏನಿದೆ ಹೇಳಿ?"

ಗಂಡ ಹೋದ ಮೇಲೆ ಆಕೆ ಅವನ ವಿಷಯ ಎತ್ತಿದ್ದು ಅದೇ ಮೊದಲು. ಅತ್ತಿಗೆ ಪೊರಕೆಯನ್ನು ಮೂಲೆಗಿಟ್ಟಳು. ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಮಹಡಿ ಹತ್ತಿದಳು. ಕಿಟಕಿಯ ಸಂದಿಯಲ್ಲಿ ಉಳಿದ ಹುಳಗಳು ಹಾಗೇ ಇದ್ದವು. ಮಂಚದ ಮೇಲೆ ಇನ್ನೊಂದು ಕಂಬಳಿ ಇಟ್ಟು, ನಾದಿನಿ ಒಳಗೆ ಬಂದ ಮೇಲೆ ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.

ಸಂಜೆ ಗೆಳತಿಯರು ಬಂದಾಗ ಅತ್ತಿಗೆ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಎಲ್ಲೇ ಅವಳು? ಕರಿ, ಮಾತಾಡಿಸೋಣ."

"ಮಲಗಿದ್ದಾಳೆ" ಎಂದಳು ಅತ್ತಿಗೆ, ದನಿ ತಗ್ಗಿಸಿ. "ಚಳಿ ಕಳೀಲಿ, ತಾನೇ ಇಳಿದು ಬರ್ತಾಳೆ. ಅಲ್ಲೀವರೆಗೂ ಯಾರೂ ಎಬ್ಬಿಸೋ ಹಾಗಿಲ್ಲ. ನಾನೂ ಅಷ್ಟೇ."