ರಟ್ಟಿನ ಎಲೆಗಳ ಆಟ

ತರಗತಿಯಲ್ಲಿ ಕಸ ವಿಂಗಡಣೆಯ ಆಟ ನಡೆದಿತ್ತು. ಮಕ್ಕಳ ಮನೆಗಳಿಂದ ತರಿಸಿದ ಹಳೆಯ ರಟ್ಟನ್ನು ಕತ್ತರಿಸಿ ಟೀಚರ್ ಇಸ್ಪೀಟಿನಂಥ ಎಲೆಗಳನ್ನು ಮಾಡಿದ್ದರು. ಹಸಿ ಕಸ, ಒಣ ಕಸ, ಮರುಬಳಕೆ ಎಂದು ಕೂಗುತ್ತ ಮಕ್ಕಳು ಎಲೆ ಹಾಕುತ್ತಿದ್ದರು.

ಮಗಳನ್ನು ಕರೆದೊಯ್ಯಲು ಬಂದ ತಾಯಿ ಬಾಗಿಲಲ್ಲೇ ನಿಂತಳು. ಎಲೆ ಎತ್ತುವ ಮೊದಲು ಪ್ರತಿ ಮಗುವೂ ಹೆಬ್ಬೆರಳನ್ನು ನಾಲಗೆಗೆ ಒತ್ತಿಕೊಳ್ಳುತ್ತಿತ್ತು. ಮಗಳೂ ಅಷ್ಟೇ. ಅವಳು ಟೈಫಾಯ್ಡ್‌ನಿಂದ ಎದ್ದದ್ದು ಈಚೆಗಷ್ಟೇ.

ತಾಯಿ ಒಳಗೆ ನುಗ್ಗಿದಳು.

"ಥೂ, ಬೆರಳು ತೆಗಿ ಬಾಯಿಂದ! ಎಲ್ಲರ ಎಂಜಲು ಅದು. ನಡಿ ಮನೆಗೆ."

"ಇರಮ್ಮಾ, ಗೆಲ್ತಾ ಇದೀನಿ."

ತಾಯಿ ಒಂದು ಎಲೆಯನ್ನು ಉಗುರಿನ ತುದಿಯಲ್ಲಿ ಎತ್ತಿ ಹಿಡಿದಳು. "ಈ ಕಪ್ಪು ಕಲೆ ನೋಡಿ ಟೀಚರ್. ನಾತ ಬೇರೆ. ಇಂಥದನ್ನ ಶಾಲೆಗೆ ಕಳಿಸೋಕೆ ಯಾವ ತಾಯಿಗೆ ಮನಸ್ಸು ಬಂತು?"

ಟೀಚರ್ ತಬ್ಬಿಬ್ಬಾದರು. "ಯಾರ ಮನೇದೋ ಗೊತ್ತಿಲ್ಲ ಮೇಡಂ..."

ಮಗಳು ಬೆರಳು ನೆಕ್ಕಿ ಮತ್ತೊಂದು ಎಲೆ ಎತ್ತಿದಳು.

"ನಮ್ಮನೇದೇ ಅಮ್ಮಾ. ಅಟ್ಟದ ಮೇಲೆ ಇಲಿ ಮರಿ ಹಾಕಿತ್ತಲ್ಲ, ಆ ಪೆಟ್ಟಿಗೆ. 'ಬೇರೆಯವರ ಮಕ್ಕಳು ತಾನೇ ಮುಟ್ಟೋದು, ತಗೊಂಡ್ಹೋಗು' ಅಂದ್ಯಲ್ಲ!"