ಬಿಸಿಕೋಣೆಯ ವೈರು

ಒಳಗಿನ ಹಿಡಿ ತಿರುಗಿಸಿದ್ದೇ ತಡ, ಅದು ಕಿತ್ತುಕೊಂಡು ಅವಳ ಕೈಗೇ ಬಂತು. ಬಾಗಿಲು ಮಾತ್ರ ಅಲುಗಾಡಲಿಲ್ಲ.

"ಏನಾಯ್ತೇ?" ಅಪ್ಪ ಕೇಳಿದ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಮಗಳು ಸಂಶೋಧನೆ ಮಾಡುವ ಜಾಗ ನೋಡಲು ಇದೇ ಮೊದಲ ಸಲ ಬಂದಿದ್ದ. ಬಚ್ಚಲುಮನೆಯಷ್ಟು ಅಗಲದ ಉಕ್ಕಿನ ಕೋಣೆ. ಎರಡೂ ಗೋಡೆಗೆ ತಟ್ಟೆ ತಟ್ಟೆ ಟೊಮೆಟೊ ಸಸಿಗಳು, ತಲೆಯ ಮೇಲೆ ಕಣ್ಣು ಕುಕ್ಕುವ ದೀಪಗಳು. ಗೋಡೆಯ ಹಿಂದಿನಿಂದ ಹೀಟರ್ ಬಿಸಿಗಾಳಿ ಊದುತ್ತಿತ್ತು.

"ಹಿಡಿ ಮೊದಲೇ ಸಡಿಲಾಗಿತ್ತು. ಗಾಬರಿ ಆಗ್ಬೇಡ. ಬಿಸಿ ಕೊಡೋದು ಮುಗಿದ ಕೂಡಲೇ ಎಲೆ ಕೀಳೋಕೆ ಟೆಕ್ನಿಷಿಯನ್ ಬರ್ತಾರೆ."

"ಅದು ಯಾವಾಗ ಮುಗಿಯುತ್ತೆ?"

"ಇನ್ನೊಂದು ಗಂಟೆ."

ಅವಳ ಫೋನು ಹೊರಗೆ ಮೇಜಿನ ಮೇಲಿತ್ತು. ಅಪ್ಪನ ಫೋನಿಗೆ ಉಕ್ಕಿನ ಗೋಡೆಯೊಳಗೆ ಸಿಗ್ನಲ್ ಇಲ್ಲ. ಅಂಗೈ ಕೆಂಪಾಗುವವರೆಗೆ ಬಾಗಿಲು ಬಡಿದಳು. ಹೊರಗಿನ ಯಂತ್ರಗಳ ಗುಂಯ್‌ಗುಟ್ಟುವಿಕೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

"ಬಿಡು, ಕೈ ನೋಯಿಸ್ಕೋಬೇಡ," ಎಂದು ಅಪ್ಪ ಬಕೆಟ್ ಬೋರಲು ಹಾಕಿ ಕೂತ. "ಗಿಡಕ್ಕೆ ಜ್ವರ ಬರಿಸೋಕೂ ಸಂಬಳ ಕೊಡ್ತಾರೆ ಅಂತ ಇವತ್ತೇ ಗೊತ್ತಾಗಿದ್ದು ನೋಡು. ಜ್ವರ ಬಂದ್ರೆ ಏನು ಮಾಡುತ್ತೆ ಅದು, ಪಾಪ? ಎದ್ದು ನೆರಳಿಗೂ ಹೋಗೋ ಹಾಗಿಲ್ಲ."

"ಅದಕ್ಕೇ ಒಳಗೊಳಗೇ ಸುದ್ದಿ ಕಳಿಸುತ್ತೆ, ಹಾರ್ಮೋನಿನ ಮೂಲಕ. ಸುದ್ದಿ ಮುಟ್ಟಿದ ಮೇಲೆ ಕೆಲವು ಜೀನ್‌ಗಳು ಕೆಲಸ ನಿಲ್ಲಿಸ್ತವೆ, ಸುಮ್ಮನೆ ಮಲಗಿದ್ದ ಕೆಲವು ಏಳ್ತವೆ. ಬೆಳೆಯೋದು ಆಮೇಲೆ, ಮೊದಲು ಬದುಕಬೇಕು ಅಂತ."

"ಗಾಡಿ ಸೈಡಿಗೆ ಹಾಕಿ ಇಂಜಿನ್ ತಣ್ಣಗಾಗೋಕೆ ಬಿಟ್ಟ ಹಾಗೆ ಅನ್ನು."

"ಹೂಂ. ಯಾವ ಜೀನ್ ಏಳುತ್ತೆ ಅಂತ ಹಿಡಿಯೋದೇ ನನ್ನ ಕೆಲಸ. ಪೂರ್ತಿ ಬಿಸಿ ತಿಂದ ಎಲೆ ಬೇಕು. ಅರ್ಧಕ್ಕೆ ತಣ್ಣಗಾದ್ರೆ ಎಲ್ಲಾ ನೀರಲ್ಲಿ ಹೋಮ. ಈ ತಳಿಯ ಬೀಜ ಇದ್ದಷ್ಟೂ ಇಲ್ಲೇ ಬಿತ್ತಿದ್ದೀನಿ."

ಗೋಡೆಯ ಮೇಲಿನ ತಾಪಮಾನದ ಅಂಕಿ ನಲವತ್ತು ದಾಟಿತು. ಸಸಿಗಳು ಎಲೆಗಳನ್ನು ಮೇಲಕ್ಕೆತ್ತಿ ದೀಪದಿಂದ ಓರೆಯಾಗಿ ನಿಂತಿದ್ದವು. ಅಪ್ಪನ ಅಂಗಿ ಒದ್ದೆಯಾಗಿ ಬೆನ್ನಿಗಂಟಿತ್ತು. ಈಚೆಗಷ್ಟೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ದೇಹ. ನೀರು ಕೊಡೋಣವೆಂದರೆ ಇದ್ದ ಒಂದೇ ಕ್ಯಾನಿನಲ್ಲಿ ಗೊಬ್ಬರದ ದ್ರಾವಣವಿತ್ತು, ಕುಡಿಯುವ ಹಾಗಿರಲಿಲ್ಲ.

ತಟ್ಟೆಗಳ ನಡುವೆ ಬಿಸಿ ಅಳೆಯುವ ಸಣ್ಣದೊಂದು ಸೆನ್ಸರ್ ನೇತಾಡುತ್ತಿತ್ತು. ಅದರ ವೈರು ಕಿತ್ತರೆ ಸಾಕು, ಹೀಟರ್ ತಾನಾಗಿ ಆರುತ್ತದೆ, ಹೊರಗೆ ಸೈರನ್ ಕೂಗುತ್ತದೆ. ಬಾಗಿಲು ಸಿಕ್ಕಿಕೊಂಡ ಕ್ಷಣದಲ್ಲೇ ಅದು ಅವಳ ತಲೆಗೆ ಹೊಳೆದಿತ್ತು. ಒಂದೇ ಒಂದು ಗಂಟೆ ತಾನೇ ಎಂದುಕೊಂಡಳು. ಟೆಕ್ನಿಷಿಯನ್ ಹೇಗೂ ಬರುತ್ತಾರೆ, ಬೇಗ ಬಂದರೂ ಬರಬಹುದು. ಅಪ್ಪ ನಗುತ್ತಲೇ ಇದ್ದಾನಲ್ಲ.

"ಅದೇನು, ಮಾತುಮಾತಿಗೂ ಆ ವೈರು ನೋಡ್ತೀಯ?"

"ಏನಿಲ್ಲ. ಮಾತಾಡ್ಬೇಡ ನೀನು, ಬಾಯಾರುತ್ತೆ."

ತನ್ನ ದುಪಟ್ಟಾದಿಂದ ಅವನಿಗೆ ಗಾಳಿ ಬೀಸತೊಡಗಿದಳು. ಬೀಸಿದ ಗಾಳಿಯೂ ಬಿಸಿಯೇ. ಅಂಕಿ ಮತ್ತೆ ಏರಿತು. ಅಪ್ಪ ಮೊದಮೊದಲು ಹೂಂಗುಟ್ಟುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಅವನ ಹಣೆ ಒರೆಸಲು ಹೋದವಳ ಕೈ ಅಲ್ಲೇ ನಿಂತಿತು. ಬೆವರೇ ಇಲ್ಲ. ಚರ್ಮ ಒಣಗಿ ಕಾದಿತ್ತು.

"ಅಪ್ಪ?"

"ಹಿಂದೆ ಜಾಗ ಇದೆ," ಅಪ್ಪ ತೊದಲಿದ. "ಒಳಗೆ ಹೋಗ್ರೀ... ಬಾಗಿಲಲ್ಲಿ ನಿಲ್ಬೇಡ್ರೀ..."

ಅವಳು ದುಪಟ್ಟಾ ಬಿಸಾಡಿದಳು. ಒಂದೇ ನೆಗೆತಕ್ಕೆ ವೈರು ಹಿಡಿದು ಎಳೆದಳು. ತಟ್ಟೆಯೊಂದು ಸಸಿಗಳ ಸಮೇತ ಮಗುಚಿಬಿತ್ತು. ಹೀಟರಿನ ಸದ್ದು ಅಡಗಿತು. ಹೊರಗೆ ಸೈರನ್ ಕಿರುಚತೊಡಗಿದಾಗ ಅವಳು ಅಪ್ಪನ ತಲೆಯನ್ನು ಎದೆಗೆ ಒತ್ತಿಕೊಂಡು, "ಬಂದ್ರು, ಬಂದ್ರು, ಈಗ ಬಂದ್ರು" ಎನ್ನುತ್ತಿದ್ದಳು.

ಟೆಕ್ನಿಷಿಯನ್ ಓಡಿಬಂದು ಬಾಗಿಲು ತೆರೆದ. ಇಬ್ಬರೂ ಸೇರಿ ಅಪ್ಪನನ್ನು ಕಾರಿಡಾರಿನ ತಣ್ಣನೆಯ ನೆಲದ ಮೇಲೆ ಮಲಗಿಸಿದರು, ಮೈಮೇಲೆ ನೀರು ಸುರಿದರು, ಫ್ಯಾನು ತಂದಿಟ್ಟರು. ಆವರಣದ ಆಸ್ಪತ್ರೆಯಿಂದ ಡಾಕ್ಟರು ಬಂದು ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಬಹಳ ಹೊತ್ತಿನ ಮೇಲೆ ಅಪ್ಪ ಕಣ್ಣು ಬಿಟ್ಟು, ಸುತ್ತ ನಿಂತವರನ್ನೆಲ್ಲ ನೋಡಿ, ಅವಳ ಹೆಸರು ಹಿಡಿದು ಕರೆದ. ಇನ್ನು ಭಯವಿಲ್ಲ, ಆದರೆ ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ತೆರೆದ ಬಾಗಿಲಿನಾಚೆ ಸಸಿಗಳು ತಣ್ಣಗಾಗುತ್ತಿದ್ದವು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

"ವೈರು ಕಿತ್ತಿದ್ದು ಒಳ್ಳೇದಾಯ್ತು ಮೇಡಂ," ಟೆಕ್ನಿಷಿಯನ್ ಬೆವರು ಒರೆಸಿಕೊಂಡ. "ಕಿತ್ತರೆ ಸೈರನ್ ಆಗುತ್ತೆ ಅಂತ ನಿಮಗೆ ಗೊತ್ತಿತ್ತಲ್ವಾ? ಮತ್ತೆ ಸಿಕ್ಕಿಹಾಕ್ಕೊಂಡ ಕೂಡಲೇ ಯಾಕೆ ಕೀಳಲಿಲ್ಲ?"

ಅವಳು ಬಗ್ಗಿ ಅಪ್ಪನ ಒದ್ದೆ ಅಂಗಿಯ ಅಂಚು ಸರಿಪಡಿಸತೊಡಗಿದಳು.

"ಅವಳಿಗೆ ಮರೆತೇ ಹೋಗಿತ್ತು ಕಣಪ್ಪ," ಅಪ್ಪ ಮಲಗಿದಲ್ಲಿಂದಲೇ ಹೇಳಿದ. "ಗಾಬರಿಯಲ್ಲಿ ಯಾರಿಗೆ ತಾನೇ ನೆನಪಿರುತ್ತೆ?"

ಹಾಗೆ ಹೇಳುವಾಗ ಅವನು ಡ್ರಿಪ್‌ನಿಂದ ತೊಟ್ಟಿಕ್ಕುವ ಹನಿಗಳನ್ನೇ ನೋಡುತ್ತಿದ್ದ, ಮಗಳ ಮುಖವನ್ನಲ್ಲ.